ಗೆದ್ದವ ಯಾಕೆ ಸೋತ?

‘ಗೆದ್ದವ ಸೋತ, ಸೋತವ ಸತ್ತ.’ ಕೋರ್ಟು ಕಚೇರಿಯ ಮಾತು ಎದ್ದ ಕಡೆ ಈ ಗಾದೆ ಬಾರದೆ ಇರುವುದಿಲ್ಲ. ಮಲೆನಾಡಿನ ಮೇಳಿಗೆಯಿಂದ ಹಿಡಿದು ಹೊಸನಗರ, ಸಾಗರದವರೆಗೆ ಅಡಿಕೆ ತೋಟ ಇದ್ದಲ್ಲೆಲ್ಲ ಒಂದು ಬೇಲಿ ತಕರಾರು ಇದ್ದೇ ಇರುತ್ತದೆ. ತಕರಾರು ಇದ್ದಲ್ಲಿ ‘ದಾವೆ ಗೀವೆ ಬೇಡ ಮಾರಾಯ’ ಎನ್ನುವ ಹಿರಿಯರೂ ಒಬ್ಬರು ಇರುತ್ತಾರೆ. ಅವರ ವಾದವೆಲ್ಲ ಈ ನಾಲ್ಕು ಪದಗಳಲ್ಲಿ ಮುಗಿಯುತ್ತದೆ.

ಶಾಲೆಯಲ್ಲಿ ಗಾದೆ ವಿಸ್ತರಿಸುವ ಮಕ್ಕಳು ಇದಕ್ಕೆ ಬರೆಯುವ ಅರ್ಥ ಸುಲಭದ್ದು: ವ್ಯಾಜ್ಯದಿಂದ ಇಬ್ಬರಿಗೂ ನಷ್ಟ. ಅಂಕ ಸಿಗುತ್ತದೆ, ತಪ್ಪೇನೂ ಇಲ್ಲ. ಆದರೆ ಬರೀ ಅಷ್ಟನ್ನೇ ಹೇಳಬೇಕಿದ್ದರೆ ‘ಇಬ್ಬರೂ ಸೋತರು’ ಎಂದರೆ ಸಾಕಿತ್ತು. ಗಾದೆ ಕಟ್ಟಿದವರು ಒಂದೇ ಕ್ರಿಯಾಪದವನ್ನು ಎರಡು ಸಲ ತಂದು, ಎರಡನ್ನೂ ಅಕ್ಕಪಕ್ಕ ಕೂರಿಸಿದ್ದಾರೆ. ಎರಡನೆಯ ‘ಸೋತವ’ ಯಾರೆಂಬುದು ಸ್ಪಷ್ಟ: ಜಡ್ಜರು ಯಾರ ವಿರುದ್ಧ ತೀರ್ಪು ಕೊಟ್ಟರೋ ಅವನು. ಮೊದಲನೆಯ ‘ಸೋತ’ ಅಷ್ಟು ಸ್ಪಷ್ಟವಲ್ಲ. ಡಿಕ್ರಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದವನು ಸೋತದ್ದು ಯಾರಿಗೆ?

ಇದಕ್ಕೆ ಉತ್ತರ ಬೇಕಾದರೆ ‘ಸೋಲು’ ಎಂಬ ಮಾತು ಕನ್ನಡದಲ್ಲಿ ಎಷ್ಟು ಮನೆ ತಿರುಗಿದೆ ಎಂದು ನೋಡಬೇಕು. ಹಳಗನ್ನಡದಲ್ಲಿ ಇದು ‘ಸೋಲ್’. ತಮಿಳು ಮಲಯಾಳಗಳಲ್ಲಿ ‘ತೋಲ್ವಿ’ ಎಂದರೆ ಸೋಲು. ಅವರ ತಕಾರದ ಜಾಗದಲ್ಲಿ ನಮ್ಮ ಸಕಾರ. ತೆಲುಗಿನಲ್ಲಿ ಪಂದ್ಯ ಸೋಲುವುದಕ್ಕೆ ‘ಓಡು’ ಎಂಬ ಬೇರೆಯೇ ಮಾತಿದೆ. ಅಲ್ಲಿ ‘ಸೋಲು’ ಎಂದರೆ ಜೋಂಪು ಹತ್ತುವುದು, ಮೈಮರೆತು ಒರಗುವುದು. ಕನ್ನಡ ಎರಡನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡಿತು. ಕಿಟೆಲ್ ಅವರ 1894ರ ನಿಘಂಟು ದಣಿಯುವುದು, ಪರಾಭವಗೊಳ್ಳುವುದು, ಮರುಳಾಗುವುದು ಎಲ್ಲವನ್ನೂ ಈ ಒಂದು ಪದದ ಕೆಳಗೆ ಕೊಡುತ್ತದೆ.

ಇಷ್ಟೆಲ್ಲ ಅರ್ಥ ಹೊತ್ತ ಪದ ಗೊಂದಲ ಮಾಡುವುದಿಲ್ಲವೇ ಎಂದರೆ, ಮಾಡುವುದಿಲ್ಲ. ವಿಭಕ್ತಿ ಕಾವಲು ಕಾಯುತ್ತದೆ. ‘ಚುನಾವಣೆಯಲ್ಲಿ ಸೋತ’ ಎಂದರೆ ಪರಾಭವ. ‘ಹಾಡಿಗೆ ಸೋತ’ ಎಂದರೆ ಮರುಳಾದ. ಆಗುಂಬೆಯ ಸೂರ್ಯಾಸ್ತ, ಮಳೆಗಾಲದ ಜೋಗದ ಸುದ್ದಿ ಬರೆಯುವಾಗ ವರದಿಗಾರರಿಗೆ ‘ಮನಸೋತ ಪ್ರವಾಸಿಗರು’ ಸಿಗದೆ ಇದ್ದರೆ ಆ ದಿನ ಪತ್ರಿಕೆಯೇ ಹೊರಡಲಿಕ್ಕಿಲ್ಲ. ಇನ್ನು ಜೂಜಿಗೆ ಬಂದರೆ ವ್ಯಾಕರಣವೇ ಮಗ್ಗುಲು ಬದಲಿಸುತ್ತದೆ. ಧರ್ಮರಾಯ ರಾಜ್ಯವನ್ನು ಸೋತ, ತಮ್ಮಂದಿರನ್ನು ಸೋತ, ತನ್ನನ್ನು ಸೋತ, ಹೆಂಡತಿಯನ್ನು ಸೋತ. ಇಲ್ಲಿ ‘ಸೋಲು’ ಸಕರ್ಮಕ. ಅದಕ್ಕೊಂದು ‘ಅನ್ನು’ ಬೇಕು, ಪಣಕ್ಕಿಟ್ಟ ವಸ್ತು ಬೇಕು. ಸಭೆಯಲ್ಲಿ ದ್ರೌಪದಿ ಎತ್ತಿದ ಪ್ರಶ್ನೆಯೂ ಇದೇ ಕ್ರಿಯಾಪದದ ಸರದಿಯ ಮೇಲೆ ನಿಂತದ್ದು: ಅವನು ಮೊದಲು ಸೋತದ್ದು ಯಾರನ್ನು, ತನ್ನನ್ನೋ ನನ್ನನ್ನೋ? ತಾಳಮದ್ದಲೆಯ ಅರ್ಥಧಾರಿಗಳು ಇದೊಂದನ್ನೇ ಹಿಡಿದು ಗಂಟೆಗಟ್ಟಲೆ ಎಳೆಯಬಲ್ಲರು.

ನಾಲ್ಕನೆಯ ಬಗೆಯೇ ಈ ಗಾದೆಗೆ ಬೇಕಾದದ್ದು. ಅದರಲ್ಲಿ ಎದುರಾಳಿ ಇಲ್ಲ, ಪಂದ್ಯವೂ ಇಲ್ಲ. ‘ಗುಡ್ಡ ಹತ್ತಿ ಕಾಲು ಸೋತವು’, ‘ಕಾದು ಕಾದು ಕಣ್ಣು ಸೋತವು’, ‘ಇವನಿಗೆ ಹೇಳಿ ಹೇಳಿ ಸೋತೆ’. ಯಾರೂ ಯಾರನ್ನೂ ಸೋಲಿಸಿಲ್ಲ. ಇದ್ದ ಕಸುವು ಖರ್ಚಾಗಿದೆ, ಅಷ್ಟೆ. ‘ಸೋತು ಸುಣ್ಣವಾದ’ ಎನ್ನುವಾಗಲೂ ಕಣ್ಣಿಗೆ ಕಟ್ಟುವುದು ರಕ್ತ ಬತ್ತಿ ಬಿಳುಚಿಕೊಂಡ ಮುಖವೇ. ಮದುವೆಗೋ ಮನೆಗೋ ಮಾಡುವ ‘ಸಾಲಸೋಲ’ದಲ್ಲಿಯೂ ಈ ಪದದ ನೆರಳಿದೆ. ಕನ್ನಡದ ಜೋಡುನುಡಿಯ ರೂಢಿಯಂತೆ ಸಾಲದ ಬೆನ್ನಿಗೆ ‘ಗೀಲ’ ಬರಬೇಕು. ‘ಸೋಲ’ ಬಂದು ಕೂತದ್ದು ಪ್ರಾಸಕ್ಕಾಗಿಯೇ ಇದ್ದೀತು. ಬಡ್ಡಿ ಕಟ್ಟುವವರ ಕಿವಿಗೆ ಮಾತ್ರ ಅದು ಬರೀ ಪ್ರಾಸವಾಗಿ ಕೇಳುವುದಿಲ್ಲ.

ಹಾಗಾಗಿ ಗಾದೆಯ ಮೊದಲ ‘ಸೋತ’ವನ್ನು ಈ ದಣಿವಿನ ಅರ್ಥದಲ್ಲಿ ಓದಬೇಕು. ಗೆದ್ದವ ಪ್ರತಿವಾದಿಗೆ ಸೋತದ್ದಲ್ಲ. ಅವನ ಕಾಲು ಸೋತವು, ಕೈ ಸೋತಿತು, ಕಿಸೆ ಸೋತಿತು. ಆಗ ಗಾದೆ ಒಗಟಾಗಿ ಉಳಿಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುವ ವರದಿಯಾಗುತ್ತದೆ.

ನಡೆಯುವುದು ಹೇಗೆ ಎನ್ನುವುದು ಮಲೆನಾಡಿಗರಿಗೆ ಹೊಸತಲ್ಲ. ತೋಟದ ಗಡಿಯ ಅಗಳ, ಹಳ್ಳದ ನೀರಿನ ಸರದಿ, ಗಾಡಿ ಹೋಗುವ ದಾರಿ, ಅಡಿಕೆಗೆ ಹೊದಿಕೆ ಹಾಕಲು ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟ: ದಾವೆ ಹುಟ್ಟುವ ಜಾಗಗಳು ಇವು. ಸೊಪ್ಪಿನ ಬೆಟ್ಟದ್ದಂತೂ ಸೋಜಿಗದ ಸ್ಥಿತಿ. ಅನುಭವಿಸುವ ಹಕ್ಕು ತೋಟದವನದು, ನೆಲ ಸರ್ಕಾರದ್ದು. ಜಗಳಕ್ಕೆ ಬೇರೆ ಬೀಜ ಬೇಕಿಲ್ಲ. ದಾವೆ ಹೂಡಿದ ಮೇಲೆ ವಕಾಲತ್ತು, ಸ್ಟಾಂಪು, ನಕಲು, ಸರ್ವೆ, ಕಮಿಷನರ್, ಸಾಕ್ಷಿಗಳ ಬಸ್ಸು ಚಾರ್ಜು, ಊಟ. ವಾಯಿದೆಯ ದಿನ ಕೊನೆಕೊಯ್ಲು ಇದ್ದರೂ ಪೇಟೆಗೆ ಹೋಗಬೇಕು. ಹೋದರೆ ಮತ್ತೊಂದು ವಾಯಿದೆ. ಮುನ್ಸೀಫ್ ಕೋರ್ಟಿನಲ್ಲಿ ಗೆದ್ದರೆ ಎದುರಿನವ ಅಪೀಲು ಹೋಗುತ್ತಾನೆ, ಅಲ್ಲಿಯೂ ಗೆದ್ದರೆ ಹೈಕೋರ್ಟು. ಮನೆಯ ಒಡವೆ ಬ್ಯಾಂಕು ಸೇರಿ ಯಾವ ಕಾಲವಾಯಿತೋ. 2011ರ ಭೂಕಬಳಿಕೆ ನಿಷೇಧ ಕಾಯಿದೆಯಡಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಬಂದ ಮೇಲಂತೂ ನೋಟಿಸು ಬಂದವರು ಒಂದು ಹಾಜರಿಗಾಗಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ರಾತ್ರಿ ಬಸ್ಸಿನಲ್ಲಿ ಹೋಗಬೇಕಾಯಿತು. ತುಂಡು ನೆಲದ ಬೆಲೆಯನ್ನು ಬಸ್ಸಿನ ಟಿಕೆಟ್ಟೇ ತಿಂದುಬಿಡುವ ಲೆಕ್ಕ ಇದು.

ಆದ್ದರಿಂದಲೇ ಜನ ಕೋರ್ಟಿನ ಹೊರಗೆ ಬೇರೆ ಬೇರೆ ದಾರಿ ಮಾಡಿಕೊಂಡರು. ಧರ್ಮಸ್ಥಳಕ್ಕೆ ಹೋಗಿ ಹೆಗ್ಗಡೆಯವರ ಮುಂದೆ ದೂರು ಇಡುವುದು ಹಳೆಯ ದಾರಿ. ಈಗ ಮಲೆನಾಡಿನ ಯಾವ ರಸ್ತೆಯಲ್ಲಿ ಹೋದರೂ ತೋಟದ ಬೇಲಿಗೆ ಕಟ್ಟಿದ ಸಣ್ಣ ಫಲಕಗಳು ಕಾಣುತ್ತವೆ: ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ದಂಡೆಯ ಈ ದೇವಿ ವಾಯಿದೆ ಕೊಡುವುದಿಲ್ಲ, ನಕಲು ಶುಲ್ಕ ಕೇಳುವುದಿಲ್ಲ. ನಂಬಿಕೆಯ ಮಾತು ಬದಿಗಿರಲಿ. ಖರ್ಚು ವೆಚ್ಚದ ಲೆಕ್ಕದಲ್ಲಿಯೂ ಆ ಫಲಕ ಜಾಣತನದ್ದೇ.

ಗಾದೆಯ ಮೊದಲರ್ಧ ಹೀಗೆ ಗಟ್ಟಿ ನಿಲ್ಲುತ್ತದೆ. ಉತ್ತರಾರ್ಧವನ್ನು ಅಷ್ಟು ಸಲೀಸಾಗಿ ಒಪ್ಪಲಾಗದು. ಸೋತವ ಸತ್ತನೇ? ಸಾಗರದ ಕಾಗೋಡು ಬೇರೆ ಕತೆ ಹೇಳುತ್ತದೆ.

1951ರ ಏಪ್ರಿಲ್‌ನಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳ ಶುರುವಾದದ್ದು ಭತ್ತ ಅಳೆಯುವ ಕೊಳಗದಿಂದ: ಗೇಣಿ ಅಳೆಯುವಾಗ ಒಡೆಯರ ಕೊಳಗ ರೂಢಿಯ ಅಳತೆಗಿಂತ ದೊಡ್ಡದು. ಎಚ್. ಗಣಪತಿಯಪ್ಪ ರೈತ ಸಂಘ ಕಟ್ಟಿ ದುಡಿದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷವನ್ನು ಬೆನ್ನಿಗೆ ತಂದು ನಿಲ್ಲಿಸಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುತ್ತಿದ್ದ ಗದ್ದೆಗೇ ನೇಗಿಲು ಹೊತ್ತು ಇಳಿದ ಒಕ್ಕಲುಗಳನ್ನು ಪೊಲೀಸರು ಹಿಡಿದು ಜೈಲಿಗೆ ಕಳಿಸಿದರು. ಚಳವಳಿ ನಿಂತಾಗ ಭೂಮಿ ಒಕ್ಕಲುಗಳ ಕೈಯಲ್ಲಿ ಇರಲಿಲ್ಲ. ಆ ಹೊತ್ತಿಗೆ ಅದು ಸೋಲೇ.

ಮಾರನೆಯ ವರ್ಷದ ಮೊದಲ ಮಹಾಚುನಾವಣೆ ಕಾಗೋಡಿನ ಇಬ್ಬರು ಎದುರಾಳಿಗಳನ್ನೂ ಗೆಲ್ಲಿಸಿತು. ಭೂಮಾಲೀಕ ಕೆ.ಜಿ. ಒಡೆಯರ್ ಕಾಂಗ್ರೆಸ್ಸಿನಿಂದ ಶಿವಮೊಗ್ಗದ ಸಂಸದರಾದರು. ಗೋಪಾಲಗೌಡರು ಸಾಗರ–ಹೊಸನಗರದಿಂದ ವಿಧಾನಸಭೆ ಹೊಕ್ಕರು. 1957ರಲ್ಲಿ ಒಡೆಯರ್ ಮತ್ತೆ ಗೆದ್ದರು, ಗೌಡರು ತೀರ್ಥಹಳ್ಳಿಯಲ್ಲಿ ಸೋತರು. 1962ರಲ್ಲಿ ಅದೇ ತೀರ್ಥಹಳ್ಳಿ ಗೌಡರನ್ನು ಗೆಲ್ಲಿಸಿತು. ‘ಒಂದು ಓಟು, ಒಂದು ನೋಟು’ ಎಂದು ಮತದಾರರ ಮುಂದೆ ಕೈಚಾಚಿದ ಮನುಷ್ಯ ಅವರು; ಗೆಲುವಿನ ಖರ್ಚನ್ನು ಗೆಲ್ಲಿಸುವವರೇ ಹಂಚಿಕೊಂಡರೆ ಗೆದ್ದವನ ಕಿಸೆ ಸೋಲುವುದಿಲ್ಲ. ಸೋತದ್ದು ಅವರ ಮೈ. ಕಾಯಿಲೆಯಿಂದ ಹಣ್ಣಾಗಿ 1972ರ ಜೂನ್‌ನಲ್ಲಿ, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. 1932ರಲ್ಲಿ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅವರ ‘ಅವಸ್ಥೆ’ (1978) ಗೋಪಾಲಗೌಡರ ಬದುಕಿನ ನೆರಳಿನಲ್ಲಿ ಬಂದ ಕಾದಂಬರಿ. ಅದರ ನಾಯಕ ಕೃಷ್ಣಪ್ಪಗೌಡ ಲಕ್ವ ಹೊಡೆದು ಹಾಸಿಗೆ ಹಿಡಿದವನು. ಹೆಸರು, ಹಿಂಬಾಲಕರು, ಅಧಿಕಾರದ ಸನಿಹ ಎಲ್ಲವೂ ಇರುವ ಈ ರಾಜಕಾರಣಿಯ ಕೈಕಾಲೇ ಸೋತಿವೆ. ಗಾದೆಯ ಮೊದಲ ಎರಡು ಪದಕ್ಕೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ಕನ್ನಡದಲ್ಲಿ ಬೇರೊಂದು ಸಿಗಲಾರದು.

ಕಾಗೋಡಿನಲ್ಲಿ ಸೋತವರ ಲೆಕ್ಕ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಭೂಮಿಯೆಲ್ಲ ಸರ್ಕಾರದ ವಶವಾಯಿತು. ಉಳುವವರು 7ನೇ ನಂಬರಿನ ಫಾರಂ ತುಂಬಿ ‘ಡಿಕ್ಲರೇಷನ್’ ಕೊಟ್ಟರು. ಗಾದೆಯನ್ನು ಅರೆದು ಕುಡಿದವರು ಯಾರೋ ಈ ಕಾಯಿದೆ ಬರೆದಿರಬೇಕು ಎನಿಸುವ ಎರಡು ಕಲಮುಗಳು ಅದರಲ್ಲಿದ್ದವು. ತಾಲ್ಲೂಕಿನ ಭೂನ್ಯಾಯ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ. ಮಂಡಳಿಯ ತೀರ್ಪಿನ ಮೇಲೆ ಅಪೀಲು ಇಲ್ಲ. ಗೆದ್ದವನನ್ನು ಸೋಲಿಸುವ ಎರಡು ಬಾಗಿಲುಗಳನ್ನೂ ಮುಚ್ಚುವ ಯತ್ನ ಅದು. ಬಾಗಿಲು ಮುಚ್ಚಿದರೆ ಕಿಟಕಿ ಇದ್ದೇ ಇತ್ತು: ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋದವರು ಹೋದರು. ಆದರೂ ಇಪ್ಪತ್ಮೂರು ವರ್ಷದ ಹಿಂದೆ ಗದ್ದೆಯಿಂದ ಎಬ್ಬಿಸಿಕೊಂಡಿದ್ದ ವರ್ಗದವರು ಪಹಣಿಯಲ್ಲಿ ತಮ್ಮ ಹೆಸರು ಕಂಡರು. ಕಾಗೋಡಿನಲ್ಲೇ ಹುಟ್ಟಿದ ಕಾಗೋಡು ತಿಮ್ಮಪ್ಪ ಮುಂದೆ ವಿಧಾನಸಭೆಯ ಅಧ್ಯಕ್ಷರಾದರು, 2016ರಲ್ಲಿ ಕಂದಾಯ ಮಂತ್ರಿಯಾದರು. ಭೂಮಿಯ ಕಡತಗಳೆಲ್ಲ ಅವರ ಮೇಜಿಗೇ ಬಂದವು.

ಎಲ್ಲರ ಪಾಲಿಗೆ ಹೀಗಾಗಲಿಲ್ಲ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಸಾಗರ, ಹೊಸನಗರದ ಊರೂರೇ ಎದ್ದು ಹೋದವು. ಎದ್ದವರಲ್ಲಿ ಬಹಳಷ್ಟು ಜನ ಕಾಡಿನ ನೆಲದಲ್ಲಿ ಹೊಸ ಗದ್ದೆ ಮಾಡಿಕೊಂಡು ಇಂದಿಗೂ ಕಾಗದಕ್ಕಾಗಿ ಕಾಯುತ್ತಿದ್ದಾರೆ. ಅವರಿಗಾಗಿ ಸರ್ಕಾರ ಅರಣ್ಯಭೂಮಿ ಬಿಡಿಸಿಕೊಟ್ಟ ಆದೇಶ 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಇವರನ್ನು ಗೆದ್ದವರ ಸಾಲಿಗೂ ಸೇರಿಸುವಂತಿಲ್ಲ, ಸೋತವರ ಸಾಲಿಗೂ ಸೇರಿಸುವಂತಿಲ್ಲ. ‘ಮುಳುಗಡೆಯವರು’ ಎಂಬ ಪ್ರತ್ಯೇಕ ಹೆಸರೇ ಇವರಿಗಿದೆ.

1974ರಲ್ಲಿ ಗೇಣಿ ಭೂಮಿ ಗೆದ್ದ ಮನೆಗಳಲ್ಲಿ ಈಗ ಮೂರನೆಯ ತಲೆಮಾರು. ಅಜ್ಜನ ಹೆಸರಿಗೆ ಬಂದ ನೆಲದಲ್ಲಿ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಪಾಲು ಬೇಕು, ಪಾಲಿನ ದಾವೆ ತಾಲ್ಲೂಕು ಕೋರ್ಟಿನಲ್ಲಿದೆ. ಅಂಥವರನ್ನು ಲೋಕ ಅದಾಲತ್‌ಗೆ ಕೂರಿಸಿ ರಾಜಿ ಮಾಡಿಸುವ ಕೆಲಸ ವರ್ಷವಿಡೀ ನಡೆಯುತ್ತದೆ. ಅಲ್ಲಿ ಒಪ್ಪಿ ಸಹಿ ಹಾಕಿದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಮೇಲೆ ಅಪೀಲೂ ಇಲ್ಲ. ಸಹಿ ಹಾಕಿ ಬಂದವರನ್ನು ಏನಾಯಿತೆಂದು ಕೇಳಿದರೆ ಗೆದ್ದೆ ಎನ್ನುವುದಿಲ್ಲ, ಸೋತೆ ಎಂದೂ ಅನ್ನುವುದಿಲ್ಲ. ‘ಅವ್ನಿಗೆ ಅತ್ಲಾಗಿದ್ದು ಬಿಟ್ಟುಕೊಟ್ಟೆ, ಇತ್ಲಾಗಿದ್ದು ನಾ ಇಟ್ಕೊಂಡೆ’ ಎನ್ನುತ್ತಾರೆ.