ರಜೆಯ ದಿನದ ಊಟ



ಕಳೆದ ಮೇ ತಿಂಗಳ ಮಾತು. ನಮ್ಮ ದೇವಾಲಯದ ಅಂಗಳದಲ್ಲಿ ಹತ್ತು ದಿನಗಳ ಮಕ್ಕಳ ಬೇಸಿಗೆ ಶಿಬಿರ ನಡೆಯುತ್ತಿತ್ತು. ಬೆಳಿಗ್ಗೆ ಹಾಡು, ಆಟ, ಚಿತ್ರ ಬರೆಯುವುದು, ಮಧ್ಯಾಹ್ನ ಊಟ. ನಾಲ್ಕನೆಯ ದಿನ ಪಂಕ್ತಿಯಲ್ಲಿ ಕೂತಿದ್ದ ಎರಡನೇ ತರಗತಿಯ ಹುಡುಗಿಯೊಬ್ಬಳು ಅರ್ಧ ಅನ್ನ ತಿಂದು, ಉಳಿದದ್ದನ್ನು ಮೊಟ್ಟೆಯ ಸಮೇತ ಒಂದು ಸಣ್ಣ ಡಬ್ಬಿಗೆ ತುಂಬಿಸುತ್ತಿದ್ದಳು. ಬಡಿಸುತ್ತಿದ್ದ ನಮ್ಮಲ್ಲೊಬ್ಬರು ನೋಡಿ, “ಇಲ್ಲೇ ತಿನ್ನಬೇಕು ಕಂದಾ, ಮನೆಗೆ ತಗೊಂಡು ಹೋಗೋ ಹಾಗಿಲ್ಲ” ಎಂದರು.

“ತಮ್ಮನಿಗೆ, ಅಕ್ಕಾ.”

“ತಮ್ಮನಿಗೆ ಎಷ್ಟು ವರ್ಷ?”

“ಮೂರು.”

ಶಿಬಿರಕ್ಕೆ ಐದು ವರ್ಷ ತುಂಬಿದವರು ಮಾತ್ರ ಎಂದು ನಾವೇ ನಿಯಮ ಮಾಡಿದ್ದೆವು. ಹುಡುಗಿ ಮಾತಾಡದೆ ಡಬ್ಬಿಯ ಅನ್ನವನ್ನು ಮತ್ತೆ ತಟ್ಟೆಗೆ ಸುರಿದುಕೊಂಡಳು. ಮರುದಿನ ಅವಳು ಬರಲಿಲ್ಲ. ಶಿಬಿರ ಮುಗಿಯುವವರೆಗೂ ಬರಲಿಲ್ಲ.

ನಾವು ಯಾರೂ ಅವಳನ್ನು ಗದರಲಿಲ್ಲ. ನಿಯಮ ಹೇಳಿದೆವು, ಅಷ್ಟೇ. ಆದರೂ ಆ ಡಬ್ಬಿ ನಮ್ಮ ಮನಸ್ಸಿನಿಂದ ಹೋಗಿಲ್ಲ. ಈ ವರ್ಷದ ಶಿಬಿರದ ವಿಚಾರ ಪಾಲನಾ ಪರಿಷತ್ತಿನಲ್ಲಿ ಬಂದಾಗ ಮೂರು ಪ್ರಶ್ನೆಗಳು ಎದ್ದವು. ಊಟ ಹಾಕುವುದು ನಮ್ಮ ಕೆಲಸವೇ? ಹಾಕುವುದಾದರೆ ಯಾರಿಗೆ? ಯಾವ ಷರತ್ತಿನ ಮೇಲೆ? ಅಂದು ಮಾತಾಡಿದ್ದನ್ನೂ ಆಮೇಲೆ ಯೋಚಿಸಿದ್ದನ್ನೂ ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು, ರಜೆ ಎಂದರೆ ನಮ್ಮ ಸುತ್ತಲಿನ ಮಕ್ಕಳಿಗೆ ಏನು ಎಂಬುದನ್ನು ನೋಡೋಣ. ತಮಿಳುನಾಡಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ದೊಡ್ಡ ಚರಿತ್ರೆಯಿದೆ. ಕಾಮರಾಜರು 1956ರಲ್ಲಿ ಆರಂಭಿಸಿದ್ದನ್ನು ಎಂ.ಜಿ.ಆರ್. ಅವರು 1982ರ ಜುಲೈ 1ರಿಂದ ಪೌಷ್ಟಿಕ ಊಟದ ಯೋಜನೆಯಾಗಿ ಬೆಳೆಸಿದರು. 2022ರ ಸೆಪ್ಟೆಂಬರ್‌ನಲ್ಲಿ ಬೆಳಗಿನ ತಿಂಡಿಯೂ ಶುರುವಾಗಿ, ಮರುವರ್ಷದ ಆಗಸ್ಟ್‌ನಲ್ಲಿ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹರಡಿತು. ಹೀಗಾಗಿ ಒಂದರಿಂದ ಐದನೇ ತರಗತಿಯ ಮಗು ಶಾಲೆ ಇರುವ ದಿನ ಎರಡು ಹೊತ್ತು ಶಾಲೆಯಲ್ಲೇ ಉಣ್ಣುತ್ತದೆ. ಏಪ್ರಿಲ್ ಕೊನೆಯಲ್ಲಿ ಶಾಲೆಗೆ ಬೀಗ ಬಿದ್ದರೆ ಆ ಎರಡು ಹೊತ್ತಿಗೂ ಬೀಗ ಬೀಳುತ್ತದೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲೆಯಲ್ಲಿ ಉಚಿತ ಮಧ್ಯಾಹ್ನದ ಊಟವನ್ನು ಹಕ್ಕಾಗಿ ಕೊಟ್ಟಿದೆ. ಆದರೆ ಶಾಲೆಯ ರಜಾದಿನಗಳನ್ನು ಅದು ಹೊರಗಿಟ್ಟಿದೆ. ರಜೆಯಲ್ಲೂ ಹಸಿವಿದೆ ಎಂಬುದು ದೇಶಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಆದೇಶಿಸಿತ್ತು. ಪಕ್ಕದ ಕರ್ನಾಟಕದಲ್ಲಿ 2024ರ ಬರದ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳು ರಜೆಯಲ್ಲೂ ಬಿಸಿಯೂಟ ಬಡಿಸಿದವು. ಬರ ಬಂದರೆ ಕಣ್ಣಿಗೆ ಬೀಳುವ ಈ ಹಸಿವು ಮಳೆ ಬೆಳೆ ಚೆನ್ನಾಗಿರುವ ವರ್ಷದಲ್ಲಿ ಮನೆಯೊಳಗೇ ಉಳಿಯುತ್ತದೆ.

ನಮ್ಮ ಹೊಸೂರು ಸೀಮೆಯಲ್ಲಿ ಅದು ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ತಾಯಿ ಬೆಳಗಿನ ಜಾವವೇ ಗುಲಾಬಿ ತೋಟಕ್ಕೆ ಹೋಗುತ್ತಾಳೆ, ತಂದೆ ಕಟ್ಟಡದ ಕೆಲಸಕ್ಕೋ ಫ್ಯಾಕ್ಟರಿಗೋ. ಮನೆಯಲ್ಲಿ ಎಂಟು ವರ್ಷದ ಅಕ್ಕನ ಕೈಗೆ ಮೂರು ವರ್ಷದ ತಮ್ಮ. ಬೆಳಿಗ್ಗೆ ಮಾಡಿಟ್ಟ ಮುದ್ದೆ ಮಧ್ಯಾಹ್ನಕ್ಕೆ ಆರಿ ಗಟ್ಟಿಯಾಗಿರುತ್ತದೆ. ಇಲ್ಲವೇ ಅಂಗಡಿಯ ಬನ್ನು, ಹತ್ತು ರೂಪಾಯಿಯ ಪೊಟ್ಟಣ. ಬಿಸಿಲು ಏರಿದರೆ ಗಂಡುಮಕ್ಕಳು ಕೆರೆಗೆ, ಕಲ್ಲು ಕ್ವಾರಿಯ ಹೊಂಡಕ್ಕೆ ಈಜಲು ಹೋಗುತ್ತಾರೆ. ನಮ್ಮಲ್ಲಿ ಹಲವರ ಮಕ್ಕಳಿಗೆ ರಜೆ ಎಂದರೆ ಅಜ್ಜಿಯ ಮನೆ, ಮಾವಿನಹಣ್ಣು. ಅದೇ ಬೀದಿಯ ಇನ್ನೊಂದು ಮಗು ಮಾತ್ರ ಶಾಲೆ ಯಾವಾಗ ತೆರೆಯುತ್ತದೆ ಎಂದು ಕೇಳುತ್ತಿರುತ್ತದೆ.

“ಮಕ್ಕಳಿಗೆ ಅನ್ನ ಹಾಕುವುದು ಹೆತ್ತವರ ಹೊಣೆ. ನಾವು ಹಾಕಿದರೆ ಅವರು ಕೈ ಚೆಲ್ಲುತ್ತಾರೆ” ಎಂದು ಪರಿಷತ್ತಿನಲ್ಲಿ ಹಿರಿಯರೊಬ್ಬರು ಹೇಳಿದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹೊಣೆ ಹೆತ್ತವರದೇ. ಆದರೆ ಆ ತಾಯಿ ಮನೆಯಲ್ಲಿಲ್ಲದಿರುವುದು ಹೊಣೆ ಮರೆತಿದ್ದರಿಂದಲ್ಲ, ಅದನ್ನು ಹೊರುವುದಕ್ಕಾಗಿಯೇ. ಇನ್ನೊಂದು ಮಾತನ್ನೂ ಸಂಕೋಚದಿಂದಲೇ ಹೇಳಬೇಕು. ತೋಟ ಇಟ್ಟುಕೊಂಡು ಆಳುಗಳನ್ನು ಕರೆಯುವವರು ನಮ್ಮಲ್ಲೂ ಇದ್ದೇವೆ. ಪಾಸ್ಕ ಹಬ್ಬದಂದು ನಮ್ಮ ಬಲಿಪೀಠವನ್ನು ಸಿಂಗರಿಸಿದ ಗುಲಾಬಿಯನ್ನು ಕೊಯ್ದದ್ದು ಅಂಥ ತಾಯಂದಿರ ಕೈಯೇ ಇರಬಹುದು. ನ್ಯಾಯವಾಗಿ ಸಲ್ಲಬೇಕಾದದ್ದನ್ನು ದಾನವೆಂಬಂತೆ ಕೊಡಬಾರದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ ಬಗೆಗಿನ ಆಜ್ಞಾಪತ್ರದಲ್ಲಿ ನಮ್ಮನ್ನು ಎಚ್ಚರಿಸಿದೆ. ಕೂಲಿಯಲ್ಲಿ ಕೊಡದೆ ಉಳಿಸಿಕೊಂಡದ್ದನ್ನು ಶಿಬಿರದ ಸಾರಿನಲ್ಲಿ ಬಡಿಸಿ ಪುಣ್ಯ ಕಟ್ಟಿಕೊಂಡೆವೆಂದು ತಿಳಿದರೆ ನಮ್ಮನ್ನೇ ನಾವು ಮೋಸಗೊಳಿಸಿಕೊಂಡಂತೆ. ಕೂಲಿಯ ಮಾತು ಬೇರೆಯೇ ಆಗಬೇಕು. ಅದು ಆಗುವವರೆಗೆ ಮಗು ಕಾಯಲಾರದು.

ಎರಡನೆಯ ಪ್ರಶ್ನೆ: ಯಾರಿಗೆ? ನಿಜವಾದ ಬಡವರ ಪಟ್ಟಿ ಮಾಡಿ ಅವರಿಗಷ್ಟೇ ಊಟ ಹಾಕಿದರೆ ಹಣ ಉಳಿಯುತ್ತದೆ ಎಂಬ ಸಲಹೆ ಬಂತು. ಲೆಕ್ಕಕ್ಕೆ ಅದು ಸರಿ. ಆದರೆ ಮಗುವಿನ ಕಣ್ಣಿನಿಂದ ನೋಡಿದರೆ? ಆಟವಾಡುವಾಗ ಎಲ್ಲರೂ ಒಂದೇ. ಒಂದು ಗಂಟೆಗೆ ಹೆಸರು ಕೂಗಿ ಕೆಲವರನ್ನು ಊಟಕ್ಕೆ ಕರೆದರೆ, ಉಳಿದವರು ಮನೆಯಿಂದ ತಂದ ಡಬ್ಬಿ ಬಿಚ್ಚಿದರೆ, ಯಾರ ಮನೆಯಲ್ಲಿ ಏನಿಲ್ಲ ಎಂಬುದನ್ನು ಊರಿಗೆಲ್ಲ ಸಾರಿದಂತಾಗುತ್ತದೆ. ಹಸಿದ ಮಗು ಊಟ ಬಿಟ್ಟೀತು, ಆ ಸಾಲಿಗೆ ಬರಲಾರದು.

ಕೊರಿಂಥದ ಸಭೆಯಲ್ಲೂ ಇಂಥದೇ ನಡೆಯಿತು. ಪ್ರಭುವಿನ ಭೋಜನಕ್ಕೆಂದು ಕೂಡಿದವರಲ್ಲಿ ಉಳ್ಳವರು ತಮ್ಮ ತಮ್ಮದನ್ನು ಮೊದಲೇ ತಿಂದು ಕುಡಿದರು. ಇಲ್ಲದವರು ಹಸಿದೇ ಉಳಿದರು. ಸಂತ ಪೌಲರು ಅವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ಓದಿ ನೋಡಿ. ಇಲ್ಲದವರನ್ನು ಹೀಗೆ ನಾಚಿಕೆಪಡಿಸುವುದು ದೇವರ ಸಭೆಯನ್ನೇ ತಿರಸ್ಕರಿಸಿದಂತೆ ಎಂಬ ಅರ್ಥ ಬರುವಂತೆ ಅವರು ಖಂಡಿಸುತ್ತಾರೆ. ಪರಮ ಪ್ರಸಾದದ ಸ್ಥಾಪನೆಯನ್ನು ಅವರು ನೆನಪಿಸುವುದು ಈ ಖಂಡನೆಯ ಬೆನ್ನಿಗೇ. ಪೂಜೆಯಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ನಾವು ಅಂಗಳದಲ್ಲಿ ಎರಡು ಪಂಕ್ತಿ ಮಾಡುವುದು ಹೇಗೆ?

ಖರ್ಚಿನ ಲೆಕ್ಕವನ್ನೂ ಹಾಕಿ ನೋಡಿದೆವು. ಪ್ರಾಥಮಿಕ ಶಾಲೆಯ ಒಂದು ಮಗುವಿನ ಬಿಸಿಯೂಟಕ್ಕೆ ಕೇಂದ್ರದ ಯೋಜನೆ ಗೊತ್ತುಮಾಡಿರುವ ಅಳತೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅರವತ್ತು ಮಕ್ಕಳೆಂದರೆ ದಿನಕ್ಕೆ ಆರು ಕಿಲೋ ಧಾನ್ಯ, 1.2 ಕಿಲೋ ಬೇಳೆ, ಮೂರು ಕಿಲೋ ತರಕಾರಿ, 300 ಗ್ರಾಂ ಎಣ್ಣೆ. ದೊಡ್ಡ ಮಕ್ಕಳಿಗೆ ಇನ್ನಷ್ಟು ಬೇಕು, ಮೊಟ್ಟೆ, ಸೌದೆ, ಗ್ಯಾಸಿನ ಖರ್ಚು ಬೇರೆ. ಆದರೂ ಹಬ್ಬದ ಸೀರಿಯಲ್ ಲೈಟು, ಪಟಾಕಿಗೆ ಹಣ ಹೊಂದಿಸುವ ಧರ್ಮಕೇಂದ್ರಕ್ಕೆ ಇದು ಎಟುಕದ ಮಾತೇನಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮ. ಶಿಬಿರಕ್ಕೆ ಬರುವವರೆಲ್ಲ ನಮ್ಮ ಮಕ್ಕಳಲ್ಲ. ಪಕ್ಕದ ಬೀದಿಯ ಹಿಂದೂ, ಮುಸ್ಲಿಂ ಮಕ್ಕಳೂ ಬರುತ್ತಾರೆ. ಕನ್ನಡ, ತಮಿಳು, ತೆಲುಗು ಮೂರೂ ಪಂಕ್ತಿಯಲ್ಲಿ ಬೆರೆಯುತ್ತವೆ. ಅನ್ನ ಎನ್ನುವ ಮಗುವಿನ ಪಕ್ಕದಲ್ಲೇ ಸೋರು ಎನ್ನುವ ಮಗು. ತಮಿಳಿನ ಪಸಿ, ನಮ್ಮ ಹಸಿವು ಒಂದೇ ಬೇರಿನ ಪದಗಳು; ಹೊಟ್ಟೆಗೆ ಭಾಷೆ ಕಲಿಸಬೇಕಾಗಿಲ್ಲ. ಈ ಮಕ್ಕಳನ್ನು ಊಟಕ್ಕೆ ಮೊದಲು ನಮ್ಮ ಪ್ರಾರ್ಥನೆಗೆ, ಬೈಬಲ್ ಪಾಠಕ್ಕೆ ಕೂರಿಸಬೇಕೇ? “ನಮ್ಮ ಅಂಗಳ, ನಮ್ಮ ಅನ್ನ. ನಮ್ಮ ದೇವರ ಹೆಸರು ಹೇಳಿದರೆ ತಪ್ಪೇನು?” ಎಂದು ಕೆಲವರು ಕೇಳಿದರು. ಊಟ ಕೊಟ್ಟು ಮತಕ್ಕೆ ಸೆಳೆಯುತ್ತಾರೆಂಬ ಮಾತು ಬರುತ್ತದೆ, ಆದ್ದರಿಂದ ಬೇಡ ಎಂದು ಇನ್ನು ಕೆಲವರು ಹೆದರಿದರು.

ಹೆದರಿಕೆಯಿಂದ ಬಿಡುವುದು ಒಂದು, ನಂಬಿಕೆಯಿಂದ ಬಿಡುವುದು ಇನ್ನೊಂದು. ಯಾರೂ ದೂರದಿದ್ದರೂ ನಾವು ಹಾಗೆ ಮಾಡಬಾರದು ಎಂಬುದು ಧರ್ಮಸಭೆಯ ಬೋಧನೆ. ಧಾರ್ಮಿಕ ಸ್ವಾತಂತ್ರ್ಯದ ಬಗೆಗಿನ ಮಹಾಸಭೆಯ ಘೋಷಣೆಯು ವಿಶ್ವಾಸವನ್ನು ಹರಡುವಾಗ ಒತ್ತಾಯವಾಗಲಿ ಗೌರವಕ್ಕೆ ತಕ್ಕದ್ದಲ್ಲದ ಮನವೊಲಿಕೆಯಾಗಲಿ ಸಲ್ಲದು, ಬಡವರು ಮತ್ತು ಓದುಬರಹ ಇಲ್ಲದವರ ವಿಷಯದಲ್ಲಂತೂ ಇನ್ನೂ ಸಲ್ಲದು ಎನ್ನುತ್ತದೆ. ಹದಿನಾರನೇ ಬೆನೆಡಿಕ್ಟರು 2005ರ ‘ದೇವುಸ್ ಕಾರಿತಾಸ್ ಎಸ್ತ್’ ವಿಶ್ವಪತ್ರದಲ್ಲಿ, ಪ್ರೀತಿಯ ಸೇವೆ ಬೇರೆ ಉದ್ದೇಶ ಸಾಧಿಸುವ ಸಾಧನವಾಗಬಾರದು ಎಂದು ಬರೆದಿದ್ದಾರೆ.

ಇವೆಲ್ಲಕ್ಕೂ ಮೊದಲು ಶುಭಸಂದೇಶವೇ ಇದೆ. ಯೇಸುಸ್ವಾಮಿ ಯಾಯಿರನ ಹನ್ನೆರಡು ವರ್ಷದ ಮಗಳನ್ನು ಸಾವಿನಿಂದ ಎಬ್ಬಿಸಿದ ಮೇಲೆ ಅವಳಿಗೆ ತಿನ್ನಲು ಏನಾದರೂ ಕೊಡುವಂತೆ ಮನೆಯವರಿಗೆ ಹೇಳಿದರು. ಅಷ್ಟು ದೊಡ್ಡ ಅದ್ಭುತದ ನಡುವೆಯೂ ಮಗುವಿನ ಹಸಿವು ಅವರ ನೆನಪಿನಲ್ಲಿತ್ತು. ಐದು ಸಾವಿರ ಮಂದಿಗೆ ರೊಟ್ಟಿ ಹಂಚಿದಾಗ, ಯಾರ ಬಳಿ ಬುತ್ತಿ ಇದೆ, ಯಾರ ಬಳಿ ಇಲ್ಲ ಎಂದು ವಿಚಾರಿಸಿದ ಸುಳಿವು ಎಲ್ಲೂ ಇಲ್ಲ. ಹುಲ್ಲಿನ ಮೇಲೆ ಎಲ್ಲರನ್ನೂ ಗುಂಪು ಗುಂಪಾಗಿ ಕೂರಿಸಿದರು. ಉಂಡ ಜನ ತಮ್ಮನ್ನು ಹಿಡಿದು ಅರಸನನ್ನಾಗಿ ಮಾಡಲು ಹೊರಟಿದ್ದಾರೆಂದು ತಿಳಿದಾಗ ಅವರು ಒಬ್ಬರೇ ಬೆಟ್ಟಕ್ಕೆ ಹೊರಟುಹೋದರೆಂದು ಸಂತ ಯೊವಾನ್ನರು ಬರೆಯುತ್ತಾರೆ. ಕೊಟ್ಟ ಅನ್ನದಿಂದ ಬರಬಹುದಾಗಿದ್ದ ಲಾಭವನ್ನು ಬಿಟ್ಟು ನಡೆದವರು ನಮ್ಮ ಗುರು.

ಹೀಗೆ ಯೋಚಿಸುತ್ತ ಹೋದಾಗ ಮೂರು ಪ್ರಶ್ನೆಗಳೂ ಒಂದೇ ಪ್ರಶ್ನೆಯಾಗಿ ಕಂಡವು. ಉಚಿತ ಎಂದು ನಾವು ಕರೆಯುವ ಊಟಕ್ಕೆ ನಮಗೇ ತಿಳಿಯದಂತೆ ಏನು ಬೆಲೆ ಕೇಳುತ್ತಿದ್ದೇವೆ? ಬಡವರ ಪಟ್ಟಿ ಮಾನವನ್ನು ಬೆಲೆಯಾಗಿ ಕೇಳುತ್ತದೆ. ಊಟಕ್ಕೆ ಮೊದಲಿನ ಬೈಬಲ್ ಪಾಠ ಮನಸ್ಸಾಕ್ಷಿಯನ್ನು ಕೇಳುತ್ತದೆ. ತಟ್ಟೆ ಹಿಡಿದ ಮಕ್ಕಳ ಫೋಟೋ ತೆಗೆದು ದಾನಿಗಳಿಗೆ ಕಳಿಸುವುದೂ ಒಂದು ಬೆಲೆಯೇ. ದಾನ ಮಾಡುವಾಗ ತುತ್ತೂರಿ ಊದಬೇಡಿ ಎಂಬ ಪ್ರಭುವಿನ ಬೋಧನೆ ಮೊಬೈಲ್ ಫೋನಿಗೂ ಅನ್ವಯಿಸುತ್ತದೆ. ನಮ್ಮ ನಿಯಮದ ಬೆಲೆಯನ್ನು ಆ ಹುಡುಗಿ ಕೊಟ್ಟಳು. ತಮ್ಮನನ್ನು ಬಿಟ್ಟು ತಾನು ಮಾತ್ರ ಹೊಟ್ಟೆ ತುಂಬ ಉಣ್ಣಬೇಕು ಎಂಬುದು ಅವಳಿಗೆ ಕೊಡಲಾಗದ ಬೆಲೆಯಾಗಿತ್ತು. ಅರ್ಧ ಊಟ ಎತ್ತಿಟ್ಟ ಆ ಮಗು ನಾವು ಶಿಬಿರದಲ್ಲಿ ಕಲಿಸಬೇಕೆಂದಿದ್ದ ಪಾಠವನ್ನು ಮೊದಲೇ ಕಲಿತಿತ್ತು. ನಾವು ಅದನ್ನು ತಡೆದೆವು.

“ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ” ಎಂಬ ಗಾದೆಯಂಥ ಮಾತೂ ಅಂದು ಬಂತು. ಅದರಲ್ಲಿ ಸತ್ಯವಿದೆ. ಆದ್ದರಿಂದ ಎಲ್ಲ ಮಕ್ಕಳೂ ಸರದಿಯಂತೆ ನೀರು ಕೊಡಲಿ, ಸೊಪ್ಪು ಸೋಸಲಿ, ತಮ್ಮ ತಟ್ಟೆ ತಾವೇ ತೊಳೆಯಲಿ. ತೋಟದ ಯಜಮಾನರ ಮಗನೂ ತೊಳೆಯಲಿ, ಆಳಿನ ಮಗಳೂ ತೊಳೆಯಲಿ. ಅದು ಮನೆಯ ಮಕ್ಕಳು ಮಾಡುವ ಕೆಲಸ. ಅನ್ನದ ಬೆಲೆ ಅಲ್ಲ.

ಇಷ್ಟನ್ನು ಒಪ್ಪಿಕೊಂಡು ಈ ವರ್ಷ ಹೀಗೆ ಮಾಡೋಣವೆಂದು ತೀರ್ಮಾನಿಸಿದ್ದೇವೆ. ಪಟ್ಟಿ ಇಲ್ಲ, ಬಂದವರಿಗೆಲ್ಲ ಒಂದೇ ಪಂಕ್ತಿ. ಊಟಕ್ಕೆ ಮೊದಲು ಒಂದು ನಿಮಿಷ ಮೌನ; ಪ್ರತಿ ಮಗುವೂ ತನ್ನ ಮನೆಯಲ್ಲಿ ಕಲಿತಂತೆ ದೇವರನ್ನು ನೆನೆಯಬಹುದು. ನಮ್ಮ ಮಕ್ಕಳ ಧರ್ಮೋಪದೇಶ ಊಟವಾದ ಮೇಲೆ, ಬೇರೆಯಾಗಿ. ಇದರಿಂದ ನಮ್ಮ ವಿಶ್ವಾಸವನ್ನು ಮುಚ್ಚಿಟ್ಟಂತಾಗುವುದಿಲ್ಲ. ಗೋಪುರದ ಮೇಲೆ ಶಿಲುಬೆ ಇದೆ, ಯಾರ ಅಂಗಳವೆಂದು ಎಲ್ಲರಿಗೂ ಗೊತ್ತು. ಬೆಳಗಿನ ಹೊತ್ತಿಗೆ ಲಗೋರಿ, ಕುಂಟೆಬಿಲ್ಲೆ, ಚೌಕಾಬಾರ ಇರುತ್ತವೆ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳು ಮಾತ್ರ ಬರೆಯುವ ಮಕ್ಕಳಿಗೆ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸುತ್ತೇವೆಂದು ಇಬ್ಬರು ನಿವೃತ್ತ ಮೇಷ್ಟ್ರು ಮುಂದೆ ಬಂದಿದ್ದಾರೆ. ಅಡುಗೆಗೆ ಕೈಗಳು ಬೇಕು, ರಾಗಿ ಹುರುಳಿ ಬೇಕು, ಬಡಿಸಲು ಯುವಕರು ಬೇಕು. ಭಾನುವಾರದ ಪೂಜೆಯ ನಂತರ ಹೆಸರು ಕೊಡಿ.

ರಜೆ ನಲವತ್ತು ದಿನದಷ್ಟು, ನಮ್ಮ ಶಿಬಿರ ಹತ್ತೇ ದಿನ. ಉಳಿದ ದಿನಗಳಿಗೆ ನಮ್ಮ ಬಳಿ ಇನ್ನೂ ಉತ್ತರವಿಲ್ಲ. ನಿಮ್ಮ ಬೀದಿಯಲ್ಲಿ ಹಗಲೆಲ್ಲ ಒಂಟಿಯಾಗಿರುವ ಮಕ್ಕಳಿದ್ದರೆ ಮಧ್ಯಾಹ್ನ ಒಮ್ಮೆ ಕೂಗಿ ಕರೆಯಿರಿ, ನಿಮ್ಮ ಮಕ್ಕಳ ಜೊತೆಗೇ ಕೂರಿಸಿ ಬಡಿಸಿ.

ವಯಸ್ಸಿನ ನಿಯಮವನ್ನು ತೆಗೆದುಹಾಕಿದ್ದೇವೆ. ತಮ್ಮ ತಂಗಿಯರನ್ನು ಎತ್ತಿಕೊಂಡೇ ಬರಬಹುದು. ಮನೆಯಲ್ಲಿ ಕಾಯಿಲೆಯವರೋ ಮುದುಕರೋ ಇದ್ದರೆ ಡಬ್ಬಿ ತಂದರೂ ಆದೀತು. ಕಳೆದ ವಾರ ನಮ್ಮಲ್ಲಿ ಇಬ್ಬರು ಆ ಹುಡುಗಿಯ ಮನೆಗೆ ಹೋಗಿ ಅವಳ ತಾಯಿಗೆ ಇದನ್ನು ಹೇಳಿ ಕ್ಷಮೆ ಕೇಳಿ ಬಂದರು. ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು, ಮಾತಾಡಲಿಲ್ಲ. ಬರುತ್ತಾಳೋ ಇಲ್ಲವೋ ತಿಳಿಯದು. ಮೊದಲ ದಿನ ಅವಳಿಗೂ ಅವಳ ತಮ್ಮನಿಗೂ ಸೇರಿಸಿಯೇ ಅಕ್ಕಿ ಅಳೆಯುತ್ತೇವೆ.