ನಾಮಕರಣದ ಋಣ

ತುರ್ಕರ ಹೆಸರುಗಳಲ್ಲಿ ಮೆಹ್ಮೆತ್ ಎಂಬುದು ಅರಬ್ಬಿಯ ಮುಹಮ್ಮದ್ ಶಬ್ದದ ರೂಪಾಂತರ. ಹೂವನ್ನು ಸೂಚಿಸುವ ಗುಲ್ ಪಾರಸಿಯಿಂದ ಬಂದುದು. ಕಡಲೆಂಬರ್ಥದ ದೆನಿಜ್ ಅವರದೇ ನುಡಿ. ಇವು ಕಿವಿಗಿಂಪಾದುವು. ವಿಚಾರಕ್ಕೆ ಎಡೆಗೊಡುವ ಹೆಸರುಗಳು ಬೇರೆ ಇವೆ. ಹೆತ್ತ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ದುರ್ಸುನ್, ಅಂದರೆ 'ಉಳಿಯಲಿ', ಎಂದು ಹೆಸರಿಡುವ ರೂಢಿಯುಂಟು. ಹೆಣ್ಣುಮಕ್ಕಳೇ ಹೆಚ್ಚಾದೆಡೆ ಕಡೆಯವಳನ್ನು ಯೆತೆರ್, ಅಂದರೆ 'ಸಾಕು', ಎಂದು ಕರೆದುದೂ ಉಂಟು. ಎರಡೂ ಹೆತ್ತವರ ಮನದಳಲೇ; ಆದರೆ ಮೊದಲನೆಯದು ಶಿಶುವಿಗಾಗಿ ಮಾಡಿದ ಪ್ರಾರ್ಥನೆ, ಎರಡನೆಯದು ಶಿಶುವಿನ ಮೇಲೆಯೇ ಹೊರಿಸಿದ ದೂರು. ನ್ಯಾಯಸ್ಥಾನದಲ್ಲಿ ತಕ್ಕ ಕಾರಣ ತೋರಿಸಿ ಹೆಸರನ್ನು ಬದಲಿಸಿಕೊಳ್ಳಲು ಆ ದೇಶದಲ್ಲಿ ಅವಕಾಶವಿದೆ. ತಾಯಿಯ ಬಾಯಿಂದ ಬಾಲ್ಯವೆಲ್ಲ ಕೇಳಿದ 'ಸಾಕು' ಎಂಬ ಕರೆಯನ್ನು ಯಾವ ತೀರ್ಪು ಅಳಿಸೀತು? ಇಡುವವರಿಗೆ ಹೆಸರು ಒಂದು ಗಳಿಗೆಯ ಮಾತು. ಹೊರುವವಳಿಗೆ ಆಯುಷ್ಯದ ಹೊರೆ. ಆದುದರಿಂದ ನಾಮಕರಣವನ್ನು ಹೆತ್ತವರ ಹಕ್ಕೆನ್ನುವುದಕ್ಕಿಂತ, ಶಿಶುವಿಗೆ ಅವರು ಸಲ್ಲಿಸಬೇಕಾದ ಮೊದಲ ಋಣವೆನ್ನುವುದೇ ಯುಕ್ತವಾದೀತು.