ಯೋಸೇಫನು ಮರೆತಿರಲಿಲ್ಲ

ಆದಿಕಾಂಡ 41 ತೆಗೀರಿ. ಮೊಬೈಲ್‌ನಲ್ಲಿ ಓದೋರು ವಾಟ್ಸಾಪ್ ಮುಚ್ಚಿ.

ಮೊದಲು ನನ್ನ ಮನೆ ವಿಷಯ ಹೇಳ್ತೀನಿ. ಕಳೆದ ತಿಂಗಳು ನನ್ನ ಆರು ವರ್ಷದ ಮಗಳು ತಟ್ಟೆಯಲ್ಲಿ ಅನ್ನ ಬಿಟ್ಟಳು. ನಾನು ಕೈ ಎತ್ತಿದೆ. ಅವಳು ತಲೆ ಮೇಲೆ ಎರಡೂ ಕೈ ಇಟ್ಟುಕೊಂಡು ಮುದುರಿಕೊಂಡಳು. ನಮ್ಮಪ್ಪನ ಮುಂದೆ ನಾನೂ ಹಾಗೇ ಮುದುರಿಕೊಳ್ತಿದ್ದೆ. ಅದೇ ತಪ್ಪಿಗೆ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಂದ್ರು: "ನಿಮ್ಮ ತಾತನೂ ಅದಕ್ಕೇ ಹೊಡೀತಿದ್ದ ಕಣೋ. ಅವನನ್ನ ಸಾಕಿದ್ದು ಅವನ ಅಜ್ಜಿ. ಆಯಮ್ಮ ದೊಡ್ಡ ಬರದಲ್ಲಿ ಬದುಕಿ ಉಳಿದ ಮಗು. ಸಾಯೋವರೆಗೂ ಸೆರಗಿನ ತುದಿಗೆ ಒಂದು ಹಿಡಿ ರಾಗಿ ಕಟ್ಟಿಕೊಂಡೇ ಮಲಗ್ತಿದ್ಲಂತೆ."

ಅದು ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78. ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಹೆಬ್ಬಾಳದ ಹತ್ತಿರ ಮರಿಯಣ್ಣಪಾಳ್ಯ ಇದೆಯಲ್ಲ? ಆ ಬರದ ಅನಾಥರಿಗಾಗಿ ಫ್ರೆಂಚ್ ಮಿಷನರಿಗಳು ಕಟ್ಟಿದ ಊರುಗಳಲ್ಲಿ ಅದೂ ಒಂದು. ಸಿಲುವೆಪುರ ಇನ್ನೊಂದು. ಬರ ಮುಗೀತು, ಮಳೆ ಬಂತು. ಹೆದರಿಕೆ ಮಾತ್ರ ಬಾಗಲೂರಿನ ನನ್ನ ಬಾಡಿಗೆ ಮನೆವರೆಗೂ ನಡೆದುಬಂತು, ಸ್ವಿಗ್ಗಿಯಲ್ಲಿ ಊಟ ತರಿಸೋ ಮನೆಗೆ.

"ಪಾಸ್ಟರ್, ನಮ್ಮ ವಂಶದ ಶಾಪ ಮುರೀರಿ" ಅಂತ ನಿಮ್ಮಲ್ಲಿ ಕೆಲವರು ಬರ್ತೀರಿ. ಮೂರು ನಾಲ್ಕು ತಲೆಮಾರು ಅನ್ನೋ ವಚನ ತೋರಿಸ್ತೀರಿ. ಅದರ ಮುಂದಿನದನ್ನೂ ಓದಿ, ಕರುಣೆಯ ಲೆಕ್ಕ ಸಾವಿರದಲ್ಲಿದೆ. ಅಪ್ಪ ತಿಂದ ಹುಳಿ ದ್ರಾಕ್ಷಿಗೆ ಮಕ್ಕಳ ಹಲ್ಲು ಚಳಿತುಹೋಗುವ ಗಾದೆಯನ್ನು ಯೆಹೆಜ್ಕೇಲ 18ರಲ್ಲಿ ದೇವರೇ ನಿಲ್ಲಿಸಿಬಿಟ್ಟರು. ಆ ಅಜ್ಜಿಗೆ ಆಗಿದ್ದು ಶಾಪ ಅಲ್ಲ, ಗಾಯ. ಶಾಪ ಅಂದುಬಿಟ್ಟರೆ ನನಗೆ ಸುಲಭ, ಮಗಳ ಹತ್ತಿರ ಕ್ಷಮೆ ಕೇಳೋ ಕೆಲಸ ತಪ್ಪುತ್ತೆ.

ಈಗ ಯೋಸೇಫನ ಮನೆ ನೋಡಿ. ಅಬ್ರಹಾಮ ಹೆದರಿ ಹೆಂಡತಿಯನ್ನು ತಂಗಿ ಅಂದ, ಇಸಾಕನೂ ಅದನ್ನೇ ಅಂದ. ಇಸಾಕ ರೆಬೆಕ್ಕರು ಮಕ್ಕಳಲ್ಲಿ ಭೇದ ಮಾಡಿದರು. ಆ ನೋವು ತಿಂದ ಯಾಕೋಬನೂ ಭೇದ ಮಾಡಿದ, ಯೋಸೇಫ ಗುಂಡಿಗೆ ಬಿದ್ದ. 51ನೇ ವಚನದಲ್ಲಿ ಯೋಸೇಫ ಮೊದಲ ಮಗನಿಗೆ ಮನಸ್ಸೆ ಅಂತ ಹೆಸರಿಟ್ಟ, ತಂದೆಮನೆಯನ್ನು ದೇವರು ಮರೆಸಿದರು ಅಂತ. ಮರೆತವನು ಆ ಹೆಸರಿಡ್ತಾನಾ? ಮಗನನ್ನ ಕೂಗಿದಾಗಲೆಲ್ಲ ನೆನಪು!

ಬರ ಬಂತು, ಅಣ್ಣಂದಿರು ಎದುರು ನಿಂತರು. 43ನೇ ಅಧ್ಯಾಯದಲ್ಲಿ ಅವನು ಕೋಣೆಗೆ ಹೋಗಿ ಅತ್ತು, ಮುಖ ತೊಳ್ಕೊಂಡು ಬಂದ. ನಮ್ಮಲ್ಲಿ ಎಷ್ಟು ಜನ ಪ್ರತಿ ಭಾನುವಾರ ಮುಖ ತೊಳ್ಕೊಂಡು ಇಲ್ಲಿ ಬಂದು ಕೂರ್ತೀವಿ? 45ರಲ್ಲಿ ಬಾಯಿಬಿಟ್ಟ. ನೀವು ಮಾರಿದ ತಮ್ಮ ನಾನೇ ಅಂದ. ಮಾರಿದ್ದನ್ನು ನುಂಗಿಕೊಳ್ಳಲಿಲ್ಲ. ಅಪ್ಪಿಕೊಂಡಿದ್ದು ಆಮೇಲೆ.

ಹಾಗಂತ ಎಲ್ಲರೂ ಇವತ್ತೇ ಅಪ್ಪನಿಗೆ ಫೋನ್ ಮಾಡಿ ಅನ್ನಲ್ಲ. ಹೊಡೆತ ಇನ್ನೂ ನಿಂತಿಲ್ಲದ ಮನೆಯಲ್ಲಿದ್ದೀಯಾ ತಂಗಿ? ಮೊದಲು ಸುರಕ್ಷಿತ ಜಾಗ ನೋಡ್ಕೋ, ನಮಗೆ ಹೇಳು. ಕ್ಷಮೆಯ ಮಾತು ನಿಧಾನವಾಗಿ ಬರಲಿ. ರಾತ್ರಿ ನಿದ್ದೆ ಬರದವರು ಟೆಲಿ ಮಾನಸ್ 14416ಕ್ಕೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ಗೆ ಹೋಗೋದು ಅವಿಶ್ವಾಸ ಅಲ್ಲ. ಜೊತೆಗೆ ಬರೋಕೆ ಯಾರೂ ಇಲ್ಲದಿದ್ರೆ ನಾನು ಬರ್ತೀನಿ.

ಮಗಳ ಹತ್ತಿರ ಕ್ಷಮೆ ಕೇಳಿದೆ. "ಇನ್ನೊಂದ್ಸಲ ಕೈ ಎತ್ತಲ್ವಾ ಅಪ್ಪಾ?" ಅಂದಳು. ಪ್ರಾಮಿಸ್ ಮಾಡೋಕೆ ನನಗೆ ಭಯವಾಯ್ತು, ಆದರೂ ಮಾಡಿದೆ. ನನಗೋಸ್ಕರ ಪ್ರಾರ್ಥನೆ ಮಾಡಿ. ಕೀಬೋರ್ಡ್ ಬ್ರದರ್, ನಿಧಾನಕ್ಕೆ ನುಡಿಸಪ್ಪ. ಇವತ್ತು ಯಾರೂ ಮುಂದೆ ಬರೋದು ಬೇಡ. ಕೂತಲ್ಲೇ ಕಣ್ಣು ಮುಚ್ಚಿ, ನಿಮ್ಮ ಮನೆಯಲ್ಲಿ ಯಾರೂ ಬಾಯಿಬಿಡದ ಆ ಒಂದು ವಿಷಯವನ್ನು ಕರ್ತನಿಗೆ ಹೇಳಿ.